ವಿದ್ಯಾದಾನದ ದತ್ತಿಗಳು: ಶ್ರೇಷ್ಠಿ ಪ್ರೇಮಚಂದ ರಾಯಚಂದರ ನಿದರ್ಶನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರಿಗೆ ವಿಹಿತವಾಗಿವೆ. ಮೊದಲಿನ ಎರಡರ ಫಲವು ಕೂಡಲೇ ಕಣ್ಣಿಗೆ ಕಾಣುವುದು. ಶಾಸ್ತ್ರದಾನದ ಫಲ ಕಾಣಲು ಒಂದು ತಲೆಮಾರೇ ಬೇಕಾಗುವುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಬಾಲ್ಯದಿಂದಲೂ ಕೇಳಿದ್ದೇವೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಆ ಮಹಾಸಾಧ್ವಿಗೆ ಕಲ್ಲಿನ ಬಸದಿಯೂ ಓಲೆಯ ಗ್ರಂಥವೂ ಬೇರೆಬೇರೆ ಕಾರ್ಯಗಳಾಗಿರಲಿಲ್ಲ.

ದಾನದ ಹಣ ಕರಗದಂತೆ ಇರಿಸುವ ಕ್ರಮವೂ ನಮ್ಮಲ್ಲಿ ಹಳೆಯದೇ. ಶ್ರವಣಬೆಳಗೊಳದ ಶಾಸನಗಳಲ್ಲಿ, ಭಕ್ತರು ಕೆಲವು ಗದ್ಯಾಣಗಳನ್ನು ಮೂಲಧನವಾಗಿ ಒಪ್ಪಿಸಿ, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ನಿತ್ಯಾಭಿಷೇಕಕ್ಕೆ ಇಂತಿಷ್ಟು ಹಾಲು ಸಲ್ಲಬೇಕೆಂದು ಬರೆಯಿಸಿರುವುದು ಕಂಡುಬರುತ್ತದೆ. ಇಂದಿನ ಕಾಲೇಜು ವಿಶ್ವವಿದ್ಯಾನಿಲಯಗಳ ದತ್ತಿನಿಧಿಯದೂ ಇದೇ ಲೆಕ್ಕ: ಅಸಲನ್ನು ಮುಟ್ಟಬಾರದು, ಉತ್ಪನ್ನ ಮಾತ್ರ ವೆಚ್ಚವಾಗಬೇಕು. ವ್ಯಾಪಾರಿಗಳಾದ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಈ ಕಾರ್ಯದಲ್ಲಿ ಸ್ಮರಣೀಯರಾದವರು ಮುಂಬಯಿಯ ಶ್ರೇಷ್ಠಿ ಪ್ರೇಮಚಂದ ರಾಯಚಂದರು. 1831ರಲ್ಲಿ ಜನಿಸಿದ ಇವರು ಸೂರತ್ ಮೂಲದ ಶ್ವೇತಾಂಬರ ಜೈನರು. ಹತ್ತಿಯ ವ್ಯಾಪಾರ ಮತ್ತು ಷೇರು ದಲ್ಲಾಳಿ ಇವರ ವೃತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಪ್ರೇಮಚಂದರ ಕೈಯಲ್ಲಿ ಹಣ ಹೊಳೆಯಾಗಿ ಹರಿಯಿತು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಆಗ ಸ್ವಂತ ಕಟ್ಟಡವಿರಲಿಲ್ಲ. 1864ರಲ್ಲಿ ಪ್ರೇಮಚಂದರು ಅದರ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿಗಳನ್ನೂ, ಅದೇ ವರ್ಷ ತಾಯಿ ರಾಜಬಾಯಿಯ ಹೆಸರಿನಲ್ಲಿ ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷವನ್ನೂ ಅರ್ಪಿಸಿದರು.

ಮರುವರ್ಷ ಯುದ್ಧ ನಿಂತಿತು. ಹತ್ತಿಯ ಧಾರಣೆ ಕುಸಿಯಿತು. 1865ರ ಜುಲೈ 1ರ ವಾಯಿದೆ ಬಂದಾಗ ಮುಂಬಯಿಯ ಹೆಸರಾಂತ ಮನೆತನಗಳು ದಿವಾಳಿಯಾದವು. ಪ್ರೇಮಚಂದರ ಐಶ್ವರ್ಯವೂ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅವರ ಪ್ರೇರಣೆಯಿಂದ ಷೇರುಗಳಿಗೆ ಹಣ ಹಾಕಿ ಕೆಟ್ಟವರೂ ಇದ್ದರೆಂಬುದನ್ನು ಮರೆಮಾಚಿ ಬರೆಯುವುದು ಇತಿಹಾಸವಾಗಲಾರದು. ಆದರೆ ದಾನವಾಗಿ ಕೊಟ್ಟ ಹಣ ಮಾತ್ರ ಉಳಿಯಿತು. 1869ರಲ್ಲಿ ಅಡಿಗಲ್ಲಿಟ್ಟ 280 ಅಡಿ ಎತ್ತರದ ರಾಜಬಾಯಿ ಗೋಪುರವು 1878ರಲ್ಲಿ ಪೂರ್ಣಗೊಂಡಿತು. ಕಣ್ಣು ಕಾಣದ ವೃದ್ಧೆ ತಾಯಿಗೆ ಸೂರ್ಯಾಸ್ತದೊಳಗೆ ಊಟ ಮಾಡುವ ವ್ರತವು ತಪ್ಪದಿರಲೆಂದು ಮಗನು ಗಂಟೆಯ ಗೋಪುರವನ್ನು ಕಟ್ಟಿಸಿದನೆಂಬ ಪ್ರತೀತಿಯುಂಟು. ಜನರ ಬಾಯಲ್ಲಿ ಬೆಳೆದುಬಂದ ಮಾತು ಅದು. ಜೈನರ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಮಾತು.

ನನ್ನ ಮಟ್ಟಿಗೆ ಗೋಪುರಕ್ಕಿಂತ ಕಲ್ಕತ್ತೆಯ ದತ್ತಿಯೇ ಮಿಗಿಲು. 1866ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಅವರಿಂದ ಸಂದ 2 ಲಕ್ಷ ರೂಪಾಯಿಗಳಿಂದ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವು ಏರ್ಪಟ್ಟಿತು. ತಮ್ಮ ಊರಲ್ಲ, ತಮ್ಮ ಭಾಷೆಯಲ್ಲ, ಪಡೆಯುವವರು ತಮ್ಮ ಮತದವರೇ ಆಗಬೇಕೆಂಬ ಕಟ್ಟಳೆಯೂ ಇಲ್ಲ. ಆಶುತೋಷ ಮುಖರ್ಜಿ, ಇತಿಹಾಸಕಾರರಾದ ಜದುನಾಥ ಸರ್ಕಾರ್ ಮತ್ತು ರಮೇಶಚಂದ್ರ ಮಜುಂದಾರ್ ಈ ವೇತನವನ್ನು ಗಳಿಸಿದವರು. ಆಶುತೋಷರು ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1918ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಘಟಿಕೋತ್ಸವ ಭಾಷಣವನ್ನು ಮಾಡಿದವರೂ ಅವರೇ. ಒಬ್ಬ ಹತ್ತಿ ವ್ಯಾಪಾರಿಯ ದತ್ತಿ ಎಲ್ಲಿಂದ ಎಲ್ಲಿಗೆ ಬಂದಿತು ನೋಡಿ!

ಪ್ರೇಮಚಂದರು 1906ರಲ್ಲಿ ದಿವಂಗತರಾದರು. ತಾಯಿಯ ಹೆಸರಿನಲ್ಲಿ ವಿದ್ಯಾದಾನ ಮಾಡುವ ಪದ್ಧತಿ ಮುಂದೆಯೂ ನಡೆದುಬಂದಿತು. 1944ರಲ್ಲಿ ಭಾರತೀಯ ಜ್ಞಾನಪೀಠವನ್ನು ಸ್ಥಾಪಿಸಿದ ಸಾಹು ಶಾಂತಿಪ್ರಸಾದ ಜೈನರು ಗ್ರಂಥಮಾಲೆಗೆ ತಾಯಿ ಮೂರ್ತಿದೇವಿಯವರ ಹೆಸರನ್ನಿರಿಸಿದರು. ಮೂಡಬಿದರೆಯ ಓಲೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಮಹಾಬಂಧವು ಅಚ್ಚಾಗಿ ಹೊರಬಂದುದು ಈ ಸಂಸ್ಥೆಯಿಂದಲೇ. ನಮ್ಮ ನಾಡಿನಲ್ಲಿ ಧರ್ಮಸ್ಥಳ ಕ್ಷೇತ್ರದಿಂದ ಉಜಿರೆಯಲ್ಲಿ 1966ರಲ್ಲಿ ಕಾಲೇಜು ಆರಂಭವಾದುದು ಎಲ್ಲರಿಗೂ ತಿಳಿದಿದೆ.

ಈ ಪ್ರತಿಷ್ಠಾ ಮಹೋತ್ಸವದ ಜಮಾಖರ್ಚು ಮುಗಿದ ಬಳಿಕ ಹಣವೇನಾದರೂ ಉಳಿದರೆ, ಅದನ್ನು ವಿದ್ಯಾನಿಧಿಯಾಗಿ ಬ್ಯಾಂಕಿನಲ್ಲಿರಿಸಿ, ಬಡ್ಡಿಯನ್ನು ಕಾಲೇಜಿಗೆ ಹೋಗುವ ಬಡ ಮಕ್ಕಳಿಗೆ ಕೊಡುವ ವಿಚಾರವನ್ನು ಸಮಿತಿಯವರು ಪರಿಶೀಲಿಸಬೇಕೆಂದು ವಿನಂತಿ. ಪ್ರಭಾವಳಿಗೆಂದೋ ಪ್ರಾಕಾರದ ದುರಸ್ತಿಗೆಂದೋ ಅಸಲನ್ನು ತೆಗೆಯುವಂತಿಲ್ಲವೆಂಬ ಷರತ್ತನ್ನು ಮೊದಲೇ ಟ್ರಸ್ಟ್ ಪತ್ರದಲ್ಲಿ ಬರೆಯಿಸುವುದು ಕ್ಷೇಮ.