ಸಂಗ್ರಾಣಿ ಕಲ್ಲು ಮತ್ತು ಸೋತ ಗುಂಡಿಗೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಜಾತ್ರೆಗೆ ನೀವು ಬಂದಿದ್ದರೆ ನೋಡಿರುತ್ತೀರಿ: ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಹೆಗಲಿಗೇರಿಸುವುದು, ಸುತ್ತ ನಿಂತವರ ಕೇಕೆ. ಗದಾಯುದ್ಧ ಬರೆದ ರನ್ನನೇ ಮುಧೋಳದವನು ಅಂದಮೇಲೆ ಇನ್ನೇನು ಹೇಳಲಿ! 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದರು. ಕುಸ್ತಿಯ ಹುಚ್ಚಿಗೆ ಭಾಷೆಯ ಗಡಿ ಇರಲಿಲ್ಲ ಬಿಡಿ.

ಬನಹಟ್ಟಿಯ ನನ್ನ ಕಾಕಾ ಹರೆಯದಲ್ಲಿ ತಾಲೀಮಿಗೆ ಹೋದವರು, ಆಮೇಲೆ ಪಾವರ್‌ಲೂಮಿನಲ್ಲಿ ದುಡಿದವರು. ಹಾರ್ಟ್ ಫೇಲ್ಯೂರ್ ಅಂತ ಗೊತ್ತಾದಾಗ ಮನೆಯವರೆಲ್ಲ ಹೆದರಿಬಿಟ್ಟೆವು. (ಹಾಗಂದರೆ ಹೃದಯ ನಿಂತುಹೋಯಿತು ಅಂತಲ್ಲ, ರಕ್ತ ತಳ್ಳುವ ಕಸುವು ಸಾಲದಾಗಿದೆ ಅಂತ.) ಚಿಗವ್ವ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಹೊರಸಿನ ಮೇಲೆ ಮೂರು ತಿಂಗಳು. ಒಂದು ದಿನ ಕಾಕಾ ತೊಡೆ ಮುಟ್ಟಿಕೊಂಡು ಅಂದರು, "ತಮ್ಮಾ, ಗುಂಡಿಗಿ ಹೋದ್ರ ಹೋಗ್ಲಿ, ಕಾಲು ಎಲ್ಲಿ ಹೋದವೋ?"

ಆ ಪ್ರಶ್ನೆ ವೈದ್ಯಶಾಸ್ತ್ರಕ್ಕೂ ಬಹಳ ತಡವಾಗಿ ಹೊಳೆದದ್ದು ಅನ್ನುವುದು ಆಮೇಲೆ ಓದಿದಾಗ ತಿಳಿಯಿತು. ಮೊದಲು ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಲೆವಿನ್ ಮತ್ತು ಲೌನ್ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಕ್ರಾಂತಿ. ಹೃದಯ ಹಿಗ್ಗಿದವರಿಗಂತೂ 1960ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಜಾರ್ಜ್ ಬರ್ಚ್ ತಿಂಗಳುಗಟ್ಟಲೆ ಹಾಸಿಗೆಯನ್ನೇ ಔಷಧಿಯಾಗಿ ಬರೆದುಕೊಟ್ಟರು. ಅದೇ ದಶಕದಲ್ಲಿ, 1966ರಲ್ಲಿ, ಡಲ್ಲಾಸಿನಲ್ಲಿ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿ ನೋಡಿದರು. ಅವರ ದುಡಿಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು! ಹಾಗಾದರೆ ಕಾಕಾನ ಮೂರು ತಿಂಗಳು?

ಭಾರದ ಬಗೆಗಿನ ಭಯ ಸುಳ್ಳೇನಲ್ಲ. 1985ರಲ್ಲಿ ಕೆನಡಾದಲ್ಲಿ ಮೆಕ್‌ಡೂಗಲ್ ಮತ್ತು ಸಂಗಡಿಗರು ನುರಿತ ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ಒತ್ತಡ ಅಳೆದರು. ಎರಡೂ ಕಾಲಿನಿಂದ ಭಾರೀ ತೂಕ ಒದೆಯುವಾಗ ಸರಾಸರಿ 320/250, ಒಬ್ಬನದು 480/350. ಕಾರಣ ಭಾರ ಒಂದೇ ಅಲ್ಲ, ಉಸಿರು ಬಿಗಿಹಿಡಿದು ಮುಕ್ಕುವುದೂ ಹೌದು. ನಮ್ಮ ಸಂಗ್ರಾಣಿ ಕಲ್ಲಿನ ಪೈಲ್ವಾನ ಮಾಡುವುದೂ ಅದನ್ನೇ ಅಲ್ಲವೆ? ಸೋತ ಗುಂಡಿಗೆಗೆ ಅದು ಖಂಡಿತ ಸಲ್ಲದು.

ಆದರೆ 1990ರಲ್ಲಿ ಆಕ್ಸ್‌ಫರ್ಡಿನ ಆಂಡ್ರ್ಯೂ ಕೋಟ್ಸ್ ಗುಂಪು ಇಂಥ ರೋಗಿಗಳಿಂದ ಮನೆಯಲ್ಲೇ ಸೈಕಲ್ ತುಳಿಸಿತು, ಸುಧಾರಿಸಿದರು. 1994ರಲ್ಲಿ ಕೋಟ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ ಹೇಳಿದರು: ದಣಿವು, ಏದುಸಿರಿಗೆ ಗುಂಡಿಗೆಯೊಂದೇ ಕಾರಣವಲ್ಲ, ಸೊರಗಿದ ಸ್ನಾಯುಗಳೂ ಕಾರಣ. ಕಾಕಾನ ಪ್ರಶ್ನೆಗೆ ಉತ್ತರ!

ನನಗೆ ಬಹಳ ಹಿಡಿಸಿದ್ದು 2001ರ ಒಂದು ಸಣ್ಣ ಅಧ್ಯಯನ. ಬಾಸ್ಟನ್ನಿನಲ್ಲಿ ಹೃದಯ ವೈಫಲ್ಯವಿದ್ದ 16 ಅಜ್ಜಿಯರು, ಸರಾಸರಿ ವಯಸ್ಸು 77. ಒಂದು ಗುಂಪಿಗೆ 10 ವಾರ ಭಾರದ ತರಬೇತಿ. ಅದೂ ಹೂವಿನಂಥ ಭಾರವಲ್ಲ, ಅವರವರ ತಾಕತ್ತು ಅಳೆದು, ಪರಿಣತರ ಕಣ್ಣೆದುರು, ಏರಿಸುತ್ತ ಹೋದ ಭಾರ. ಸ್ನಾಯುಬಲ ಸುಮಾರು 43% ಏರಿತು, ಆರು ನಿಮಿಷದಲ್ಲಿ ನಡೆಯುವ ದೂರ 49 ಮೀಟರ್ ಹೆಚ್ಚಿತು. ಗುಂಡಿಗೆಯ ಅಳತೆಗಳು ಇದ್ದಂತೆಯೇ ಇದ್ದವು. ಅಂದರೆ ಬಲ ಬಂದದ್ದು ಕಾಲಿಗೆ.

16 ಜನರಿಂದ ಜಗತ್ತೇ ಬದಲಾಗದು, ಒಪ್ಪುತ್ತೇನೆ. ಆದರೆ 2021ರಲ್ಲಿ ಅಮೆರಿಕದಲ್ಲಿ, ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ 349 ವೃದ್ಧರ ಅಧ್ಯಯನ ಪ್ರಕಟವಾಯಿತು. ಬಲ, ಸಮತೋಲ, ಓಡಾಟ, ದಮ್ಮು ನಾಲ್ಕನ್ನೂ ಕಲಿಸಿದಾಗ ಅವರ ದೈಹಿಕ ಸಾಮರ್ಥ್ಯ ಸುಧಾರಿಸಿತು.

ಕಾಕಾನ ಬಾವು ಇಳಿದು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರನ್ನು ಕೇಳಿಯೇ ಶುರುಮಾಡಿದೆವು. ಮೊದಲು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ. ಉಸಿರು ಕಟ್ಟಬಾರದು, ಎತ್ತುವಾಗ ಬಿಡಬೇಕು. ಎದೆ ನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಎರಡೇ ದಿನಕ್ಕೆ ತೂಕ ಸರ್ರನೆ ಏರಿದರೂ, ಕಾಲು ಬಾತರೂ ಆಸ್ಪತ್ರೆಗೆ.

ಮೊದಲ ದಿನ ಬಾಟಲಿ ನೋಡಿ ಕಾಕಾ ನಕ್ಕರು. "ಚೀಲ ಎತ್ತಿದ ಕೈಗಿ ಇದೇನೋ?" ಎಂಟನೆಯ ಸಲಕ್ಕೆ ಕೈ ನಡುಗಿತು. ಚಿಗವ್ವ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು.