ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿಹುಣ್ಣು: ಇದು ‘ಉಷ್ಣ’ದಿಂದ ಬರುತ್ತದೆಯೇ?

ಬಾಯಲ್ಲಿ ಹುಣ್ಣಾದರೆ “ಉಷ್ಣ ಆಗಿದೆ, ಬಿ-ಕಾಂಪ್ಲೆಕ್ಸ್ ನುಂಗು” ಎನ್ನುವುದು ನಮ್ಮಲ್ಲಿ ರೂಢಿ. ನಿಂಬೆರಸ, ಪಟಿಕ, ಲವಂಗದೆಣ್ಣೆ ಹಚ್ಚಿ ಎನ್ನುವ ಸಲಹೆಗಳೂ ವಾಟ್ಸಾಪ್‌ನಲ್ಲಿ ಬರುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇವನ್ನು ಪಾಲಿಸಬಹುದೇ? ನೋಡೋಣ.

ಹುಣ್ಣು ಏಕೆ ಬರುತ್ತದೆ?

ಕೀಮೋಥೆರಪಿ ಔಷಧಗಳು ವೇಗವಾಗಿ ಹೆಚ್ಚುವ ಜೀವಕೋಶಗಳನ್ನು ಕೊಲ್ಲುತ್ತವೆ. ಬಾಯಿಯ ಒಳಪದರದ ಕೋಶಗಳೂ ವೇಗವಾಗಿ ಹುಟ್ಟುವಂಥವು. ಹಾಗಾಗಿ ಅವೂ ಸಾಯುತ್ತವೆ. ಪದರ ತೆಳುವಾಗಿ ಹುಣ್ಣಾಗುತ್ತದೆ. ಸಾಮಾನ್ಯವಾಗಿ ಕೀಮೋ ಆದ 5ರಿಂದ 10 ದಿನಗಳಲ್ಲಿ ಕಾಣಿಸಿಕೊಂಡು, 2–3 ವಾರಗಳಲ್ಲಿ ಮಾಯುತ್ತದೆ. ತಲೆ, ಕುತ್ತಿಗೆ ಭಾಗಕ್ಕೆ ರೇಡಿಯೇಶನ್ ಕೊಟ್ಟಾಗ ಇನ್ನೂ ಹೆಚ್ಚು ದಿನ ಇರುತ್ತದೆ. ಇದಕ್ಕೂ ‘ಉಷ್ಣ’ಕ್ಕೂ ಸಂಬಂಧವಿಲ್ಲ. ವಿಟಮಿನ್ ಕೊರತೆ ಇದರ ಕಾರಣವಲ್ಲದ್ದರಿಂದ ಬಿ-ಕಾಂಪ್ಲೆಕ್ಸ್ ಇದನ್ನು ವಾಸಿ ಮಾಡುವುದಿಲ್ಲ.

ಏನು ಮಾಡಬಹುದು?

• 1 ಲೀಟರ್ ಕುದಿಸಿ ಆರಿಸಿದ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ನಾಲ್ಕೈದು ಬಾರಿ ಬಾಯಿ ಮುಕ್ಕಳಿಸಿ ಉಗುಳಿ. ನುಂಗಬೇಡಿ. ಪ್ರತಿದಿನ ಹೊಸದಾಗಿ ತಯಾರಿಸಿ.
• ಮೃದುವಾದ ಬ್ರಷ್ ಬಳಸಿ.
• ಆರಿದ ರಾಗಿ ಗಂಜಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆತ್ತಗೆ ಬೆಂದ ಬೇಳೆ-ಅನ್ನ ತಿನ್ನಿ. ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ.
• ಕೆಲವು ಕೀಮೋ ಔಷಧ ಕೊಡುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆಯಾಗುತ್ತದೆ. ಆದರೆ ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಂಪು ತೊಂದರೆ ಕೊಡುತ್ತದೆ. ಆದ್ದರಿಂದ ವೈದ್ಯರನ್ನು ಕೇಳಿಯೇ ಮಾಡಿ.

ಏನು ಬೇಡ?

ನಿಂಬೆರಸ, ಪಟಿಕ, ಲವಂಗದೆಣ್ಣೆ ಗಾಯವನ್ನು ಇನ್ನಷ್ಟು ಉರಿಸುತ್ತವೆ. ಖಾರ, ಹುಳಿ, ಬಿಸಿ ಪದಾರ್ಥ, ಆಲ್ಕೋಹಾಲ್ ಇರುವ ಮೌತ್‌ವಾಶ್, ತಂಬಾಕು, ಎಲೆಅಡಿಕೆ ಯಾವುದೂ ಬೇಡ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಕಾಯಬೇಡಿ. ಕೀಮೋ ನಂತರ ಬಿಳಿ ರಕ್ತಕಣಗಳು ಕಡಿಮೆ ಇರುತ್ತವೆ. ಹುಣ್ಣಿನ ಮೂಲಕ ರೋಗಾಣು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ನೀರೂ ನುಂಗಲಾಗದಿದ್ದರೆ, ರಕ್ತ ನಿಲ್ಲದಿದ್ದರೆ ಕೂಡ ತಡಮಾಡಬೇಡಿ. ಬಾಯಲ್ಲಿ ಬಿಳಿ ಪದರ ಕಂಡರೆ ಅದು ಶಿಲೀಂಧ್ರ ಸೋಂಕಿರಬಹುದು; ಅದಕ್ಕೆ ಬೇರೆಯೇ ಔಷಧವಿದೆ, ವೈದ್ಯರಿಗೆ ತೋರಿಸಿ.

ನೋವನ್ನು ಹಲ್ಲುಕಚ್ಚಿ ಸಹಿಸಬೇಕಿಲ್ಲ. ಮರಗಟ್ಟಿಸುವ ಜೆಲ್‌ನಿಂದ ಹಿಡಿದು ಮಾರ್ಫಿನ್‌ವರೆಗೆ ಔಷಧಗಳಿವೆ. ನೋವಿನಿಂದ ಊಟ ಬಿಟ್ಟರೆ ತೂಕ ಇಳಿಯುತ್ತದೆ, ಮುಂದಿನ ಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು. ಹಾಗಾಗಿ ಹುಣ್ಣು ಕಂಡ ದಿನವೇ ವೈದ್ಯರಿಗೆ ಹೇಳಿ. ಮನೆಮದ್ದಿನ ಸಂದೇಶ ಫಾರ್ವರ್ಡ್ ಮಾಡುವ ಮುನ್ನ, ಅದನ್ನು ಓದುವವರ ಬಾಯಿ ಈಗಾಗಲೇ ಉರಿಯುತ್ತಿದೆ ಎಂಬುದು ನೆನಪಿರಲಿ.