ಇಳಿಜಾರಿನ ಊರು ಊಟಿ: ಒಂದು ಹಗಲಿನ ಸುತ್ತಾಟ

ಊಟಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಬೋಟ್ ಹೌಸ್, ಗಾರ್ಡನ್, ದೊಡ್ಡಬೆಟ್ಟ ಎನ್ನುತ್ತಾರೆ. ಚಳಿಯ ಮಾತು ಬರುತ್ತದೆ, ಚಾಕೊಲೇಟಿನ ಮಾತು ಬರುತ್ತದೆ, ಅಲ್ಲಿಗೆ ಊಟಿ ಮುಗಿಯುತ್ತದೆ. ಆದರೆ ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಸಮತಟ್ಟಾದ ನೆಲ ಅಪರೂಪ. ಇಲ್ಲಿನ ವಿಸ್ಮಯಗಳಲ್ಲಿ ಬಹಳಷ್ಟು ಹುಟ್ಟಿರುವುದು ಇಳಿಜಾರಿನ ಜೊತೆ ಜನ ಹೆಣಗಿದ್ದರಿಂದ. ಆ ಎಳೆ ಹಿಡಿದು ಒಂದು ಹಗಲು ಸುತ್ತೋಣ ಬನ್ನಿ.

ಬೆಳಿಗ್ಗೆ ಮೊದಲು ಮೈಸೂರು ರಸ್ತೆಯ ಸೇಂಟ್ ಸ್ಟೀಫನ್ಸ್ ಚರ್ಚ್. 1829ರಲ್ಲಿ ಅಡಿಗಲ್ಲು ಬಿದ್ದು, 1831ರ ಈಸ್ಟರ್ ದಿನ ಜನರಿಗೆ ತೆರೆದುಕೊಂಡ ಗುಡಿ ಇದು. ಒಳಗೆ ಹೋದವರು ಬಣ್ಣದ ಗಾಜು ನೋಡುವ ಮುಂಚೆ ತಲೆಯೆತ್ತಿ ಮಾಡು ನೋಡಬೇಕು. ಅಲ್ಲಿರುವ ದೊಡ್ಡ ತೊಲೆ, ಮರಮುಟ್ಟು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯದು. ಆ ಅರಮನೆಯನ್ನು ಕಳಚಿ, ತೊಲೆಗಳನ್ನು ಆನೆಗಳಿಂದ ಎಳೆಸಿ ಬೆಟ್ಟ ಹತ್ತಿಸಿದರು. ಕಾವೇರಿ ದಡದ ಮರ ನೀಲಗಿರಿಯ ನೆತ್ತಿಯಲ್ಲಿ ಇಂದಿಗೂ ಸೂರು ಹೊತ್ತು ನಿಂತಿದೆ.

ಊರು ಕಟ್ಟಿದ ಕೊಯಮತ್ತೂರು ಕಲೆಕ್ಟರ್ ಜಾನ್ ಸಲ್ಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿಗಳು ಇದೇ ಚರ್ಚಿನ ಸ್ಮಶಾನದಲ್ಲಿವೆ. ಆತ 1822ರಲ್ಲಿ ಕಟ್ಟಲು ತೊಡಗಿದ ಕಲ್ಲಿನ ಮನೆ, ಸ್ಟೋನ್ ಹೌಸ್, ಊಟಿಯ ಮೊದಲ ಬಂಗಲೆ. ತೊರೆಗಳಿಗೆ ಅಡ್ಡ ಕಟ್ಟೆ ಹಾಕಿಸಿ ಕೆರೆ ಮಾಡಿಸಿದವನೂ ಅವನೇ. ಇಂದಿನ ಬಸ್ ನಿಲ್ದಾಣ, ಕುದುರೆ ರೇಸಿನ ಮೈದಾನ ಇರುವ ಜಾಗದಲ್ಲೂ ಒಂದು ಕಾಲಕ್ಕೆ ಆ ಕೆರೆಯ ನೀರೇ ಇತ್ತು. ಚರ್ಚಿನ ಹತ್ತಿರವೇ ಊಟಿ ಕ್ಲಬ್ಬು. ಸ್ನೂಕರ್ ಆಟದ ನಿಯಮಗಳು ಬರಹಕ್ಕಿಳಿದು ಗೋಡೆಗೆ ಬಿದ್ದದ್ದು 1882ರಲ್ಲಿ, ಇಲ್ಲಿ. ಸದಸ್ಯರಿಗಷ್ಟೇ ಪ್ರವೇಶವಾದ್ದರಿಂದ ಹೊರಗಿನಿಂದ ನೋಡಿ ಮುಂದೆ ನಡೆಯಬೇಕು.

ಬಿಸಿಲೇರುವ ಹೊತ್ತಿಗೆ ಸಸ್ಯೋದ್ಯಾನ. ಮೇಲೆ ಕಾಡು, ಕೆಳಗೆ ಜೌಗು ಆಗಿದ್ದ ಈ ಇಳಿಜಾರನ್ನು 1848ರಿಂದ ತೋಟವಾಗಿ ತಿದ್ದಿದವನು ವಿಲಿಯಂ ಗ್ರಹಾಂ ಮೆಕೈವರ್. ಸುಮಾರು 55 ಎಕರೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹುಲ್ಲುಹಾಸಿನ ಮೇಲೆ ಫೋಟೋ ತೆಗೆಸಿಕೊಳ್ಳುವ ಗದ್ದಲದಲ್ಲಿ ಜನ ಬಿಟ್ಟುಬಿಡುವ ವಸ್ತುವೊಂದು ಇಲ್ಲಿದೆ: ಕಲ್ಲಾಗಿ ಹೋದ ಮರದ ಕಾಂಡ. ಅದರ ವಯಸ್ಸು ಸುಮಾರು 2 ಕೋಟಿ ವರ್ಷ.

ತೋಟದ ಮೇಲ್ತುದಿಗೆ ಹತ್ತಿದರೆ ಇಲ್ಲಿನ ಬುಡಕಟ್ಟು ಜನ ತೋಡರ ಮಂದು, ಅಂದರೆ ಅವರ ಹಟ್ಟಿ. ಕಮಾನಿನಂತೆ ಬಾಗಿದ ಮಾಡು, ತೆವಳಿ ಒಳಹೋಗಬೇಕಾದಷ್ಟು ಚಿಕ್ಕ ಬಾಗಿಲು. ಎಮ್ಮೆಯೇ ಅವರ ಬದುಕು, ಹಾಲಿನ ಮನೆಯೇ ಅವರ ಗುಡಿ. ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರದಲ್ಲಿ ತೋಡ ಹೆಂಗಸರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇಂಗ್ಲಿಷರು ಬರುವ ಎಷ್ಟೋ ಮೊದಲು ಈ ಹುಲ್ಲುಗಾವಲು ಇವರದಾಗಿತ್ತು. ಮಂದು ಇಂದಿಗೂ ಜನ ಬಾಳುತ್ತಿರುವ ಜಾಗ. ಕೇಳದೆ ಕ್ಯಾಮೆರಾ ಎತ್ತಬಾರದು.

ಮಧ್ಯಾಹ್ನದ ಊಟ ಮುಗಿಸಿ ಕೆರೆಯ ಬಳಿ ಬಂದರೆ ಬೋಟ್ ಹೌಸಿನ ಎದುರಿಗೆ ದಾರದ ತೋಟ. ಹೂವು, ಎಲೆ, ಹುಲ್ಲು ಎಲ್ಲವೂ ದಾರದ್ದು. ಸೂಜಿಯಿಲ್ಲ, ಯಂತ್ರವಿಲ್ಲ, ಸುಮಾರು 50 ಹೆಣ್ಣುಮಕ್ಕಳು 12 ವರ್ಷ ಕೂತು ಕೈಯಲ್ಲೇ ಸುತ್ತಿ ಮಾಡಿದ ಕೆಲಸ. ದಾಸವಾಳದ ಕೇಸರವನ್ನೂ ಎಲೆಯ ನರವನ್ನೂ ಹತ್ತಿರದಿಂದ ನೋಡಿದಾಗ ಆ ತಾಳ್ಮೆಗೆ ಕೈಮುಗಿಯಬೇಕು ಅನ್ನಿಸುತ್ತದೆ.

ನೀಲಗಿರಿ ರೈಲಿನದು ಇನ್ನೊಂದು ಸಾಹಸ. ಮೆಟ್ಟುಪಾಳ್ಯದಿಂದ ಕುನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂದ ಹಳಿ. 46 ಕಿ.ಮೀ. ದಾರಿಯಲ್ಲಿ 208 ತಿರುವು, 16 ಸುರಂಗ, 250 ಸೇತುವೆ. ಕಲ್ಲಾರಿನಿಂದ ಕುನೂರಿನವರೆಗೆ ಏರು ಎಷ್ಟು ಕಡಿದೆಂದರೆ ಸುಮಾರು 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಬರಿಯ ಚಕ್ರ ಅಲ್ಲಿ ಜಾರುತ್ತದೆ. ಅದಕ್ಕೇ ಎರಡು ಕಂಬಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ, ಬೋಗಿಗಳನ್ನು ಹಿಂದಿನಿಂದ ದೂಡುತ್ತಾ ಹತ್ತುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ದಿನ ಕೈಯಲ್ಲಿದ್ದವರು ಊಟಿಯಿಂದ ಕುನೂರಿನವರೆಗಾದರೂ ಇಳಿದು ನೋಡಬೇಕು. ಕಿಟಕಿಯಾಚೆ ಬಡಗರ ಹಟ್ಟಿಗಳು, ಗುಡ್ಡಕ್ಕೆ ಅಡ್ಡಡ್ಡ ಕೊರೆದ ಪಾತಿಗಳಲ್ಲಿ ಕ್ಯಾರೆಟ್ಟು, ಆಲೂಗಡ್ಡೆ. ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಮೈಸೂರು ಸೀಮೆಯಿಂದ ಬಂದವರೆಂದು ಅವರ ಹಿರಿಯರು ಹೇಳುತ್ತಾರೆ. ಕಿವಿಗೊಟ್ಟರೆ ಅರ್ಧ ಮಾತು ನಮಗೆ ತಿಳಿಯುತ್ತದೆ.

ಸಂಜೆಗೆ ಫರ್ನ್‌ಹಿಲ್ ಕಡೆ. ಮೈಸೂರು ಅರಸರ ಬೇಸಿಗೆ ಅರಮನೆ ಇಲ್ಲಿಯದು. ನಮ್ಮ ತೋಟಗಾರಿಕೆ ಇಲಾಖೆಯ 38 ಎಕರೆಯ ಕರ್ನಾಟಕ ಸಿರಿ ಉದ್ಯಾನವೂ ಇಲ್ಲೇ. ಅಲ್ಲಿಂದ ಮುತ್ತೊರೆಗೆ ಹೋದರೆ ಊಟಿಯ ಅತಿ ದೊಡ್ಡ ಅಚ್ಚರಿ ಕಾಣುತ್ತದೆ: ಗುಡ್ಡದ ಮೈಮೇಲೆ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ. ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕಲ್ಪನೆ, 1970ರಲ್ಲಿ ಕೆಲಸಕ್ಕೆ ಬಂತು. ಊಟಿ ಇರುವುದು ಭೂಮಧ್ಯರೇಖೆಯಿಂದ ಸುಮಾರು 11 ಡಿಗ್ರಿ ಉತ್ತರಕ್ಕೆ. ಅಷ್ಟೇ ಡಿಗ್ರಿ ಓರೆಯಾಗಿ ಉತ್ತರ-ದಕ್ಷಿಣಕ್ಕೆ ಮಲಗಿದ ಗುಡ್ಡವನ್ನು ಹುಡುಕಿ ಅದರ ಮೇಲೆ ಇದನ್ನು ಕೂರಿಸಿದರು. ಹಾಗಾಗಿ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಆಕಾಶಕಾಯವನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ಹಿಂಬಾಲಿಸಬಹುದು. ಎಲ್ಲರೂ ತಿದ್ದಲು, ಕಡಿಯಲು, ಗೆಲ್ಲಲು ನೋಡಿದ ಇಳಿಜಾರನ್ನು ಇದ್ದ ಹಾಗೇ ಉಪಕರಣದ ಭಾಗ ಮಾಡಿಕೊಂಡ ಜಾಣತನ ಇದು. ಒಳಗೆ ಹೋಗಲು ಮೊದಲೇ ಅನುಮತಿ ಪಡೆದಿರಬೇಕು.

ಇಂಥ ಊರು ಈಗ ನಮ್ಮ ಭಾರಕ್ಕೆ ಬಳಲುತ್ತಿದೆ. ಮಳೆಗಾಲದಲ್ಲಿ ನೀಲಗಿರಿಯ ಮಣ್ಣು ಕುಸಿಯುತ್ತದೆ, ರಜೆಯಲ್ಲಿ ವಾಹನಗಳಿಂದ ರಸ್ತೆ ಕಟ್ಟಿಹೋಗುತ್ತದೆ. ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. ಪ್ಲಾಸ್ಟಿಕ್ ಬಾಟಲಿಗೂ ನಿಷೇಧವಿದೆ. ಇವನ್ನು ಕಿರಿಕಿರಿ ಎಂದು ಬೈಯದೆ ಪಾಲಿಸಿ. ಆದಷ್ಟೂ ಬಸ್ಸು, ರೈಲು ಹಿಡಿಯಿರಿ, ನೀರನ್ನು ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ, ರಜೆಯ ನೂಕುನುಗ್ಗಲು ಬಿಟ್ಟು ವಾರದ ಮಧ್ಯೆ ಹೋಗಿ.